ಹಳೇ ಹೈಲಕ್ಸ್ ಹಿಂದಿನ ಬ್ರೇಕಿನ ಸಾಮಾನು: ಬಿಚ್ಚಿ ಅಳೆದ ಮೇಲೇ ಸಿಕ್ಕಿದ್ದು

ಗಾಡಿ ಟೊಯೋಟಾ ಹೈಲಕ್ಸ್, ಎಲ್‌ಎನ್85. 1988ರಿಂದ 1997ರವರೆಗೆ ಬಂದ ಐದನೇ ತಲೆಮಾರಿನ ಪಿಕಪ್, ಟೂ ವೀಲ್ ಡ್ರೈವ್, ಡೀಸೆಲ್. ಹಿಂದೆ ಲೀಫ್ ಸ್ಪ್ರಿಂಗ್, ಡ್ರಮ್ ಬ್ರೇಕು, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಎರಡು ಶೂ ಒತ್ತಿ ನಿಲ್ಲಿಸುವಂಥದ್ದು. ಹೊರದೇಶದಿಂದ ತರಿಸಿದ ಗಾಡಿ, ನನ್ನ ಹತ್ತಿರ ಬರುವ ಹೊತ್ತಿಗೆ ಎಷ್ಟು ಕೈ ದಾಟಿತ್ತೋ. ರೋಗ ಇಷ್ಟು: ಪೆಡಲ್ ಮೊದಲ ತುಳಿತಕ್ಕೆ ಕೆಳಗೆ ಹೋಗುತ್ತಿತ್ತು, ಎರಡನೇ ಸಲ ತುಳಿದರೆ ಮೇಲೆ ನಿಲ್ಲುತ್ತಿತ್ತು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ನಿಧಾನಕ್ಕೆ ಇಳಿಯುತ್ತಿತ್ತು. ಲೋಡ್ ಇಲ್ಲದಾಗ ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು, ಬಲಗಡೆ ಹಿಂದಿನ ಚಕ್ರ ಒಂದೇ ಕಚ್ಚಿಕೊಂಡು ಉಜ್ಜಿದ ಗುರುತು ಬೀಳುತ್ತಿತ್ತು.

ಸಾಮಾನು ಹುಡುಕೋಕೆ ಶುರು ಮಾಡಿದರೆ ಎಲ್ಲರೂ ಕೇಳುವುದು ಒಂದೇ: ಯಾವ ಇಸವಿ, ಯಾವ ಮಾಡೆಲ್? ಈ ವಯಸ್ಸಿನ ಗಾಡಿಗೆ ಆ ಎರಡೂ ಸಾಲೋದಿಲ್ಲ. ಅಂಗಡಿಯವರ ಪುಸ್ತಕದಲ್ಲಿ ಇರೋದು ಫ್ಯಾಕ್ಟರಿಯಿಂದ ಹೊರಟ ಗಾಡಿ. ನಮ್ಮ ಎದುರು ನಿಂತಿರೋದು ಬೇರೆ.

ಹಂತ 1: ಡ್ರಮ್ ಬಿಚ್ಚಿದ್ದು

ಮುಂದಿನ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಹಿಂದಿನ ಆಕ್ಸಲ್ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ ನ್ಯೂಟ್ರಲ್‌ಗೆ ಹಾಕಿದೆ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕೋರನ್ನು ನೋಡಿದ್ದೇನೆ, ಅದು ಬೇಡ.

ಬಲಗಡೆ ಡ್ರಮ್ ಮರದ ಸುತ್ತಿಗೆಯ ಒಂದೆರಡು ಏಟಿಗೆ ಸಡಿಲಾಯಿತು. ಎಡಗಡೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಡ್ರಮ್‌ನ ಅಂಚಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬಾರದು, ಎರಕದ ಕಬ್ಬಿಣ ಸೀಳುತ್ತೆ. ಟೊಯೋಟಾ ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ, ಸುಮಾರು ಜನ ಅದನ್ನು ಗಮನಿಸುವುದೇ ಇಲ್ಲ. ಎಂ8 ಅಳತೆ, 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ). ತುಕ್ಕು ತುಂಬಿ ಮುಚ್ಚಿಹೋಗಿದ್ದವು, ಟ್ಯಾಪ್ ಹಾಕಿ ಥ್ರೆಡ್ ಚೊಕ್ಕ ಮಾಡಿ ಎರಡು ಬೋಲ್ಟು ತಿರುಗಿಸಿದೆ. ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು, ಮಧ್ಯೆ ಹಬ್ಬಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ. ಒಂದು ಹಂತದಲ್ಲಿ ಬೋಲ್ಟು ಬಿಗಿಯಾಗಿ ಇನ್ನು ಮುರಿಯುತ್ತೆ ಅನ್ನಿಸಿತು. ಹಾಗೇ ಬಿಟ್ಟು ಎದ್ದು ಹೋದೆ. ವಾಪಸ್ ಬಂದು ಮುಖದ ಮೇಲೆ ಮರದ ಸುತ್ತಿಗೆಯಿಂದ ತಟ್ಟಿದ ಕೂಡಲೇ ಟಕ್ ಅಂತ ಹಬ್ಬಿನಿಂದ ಬಿಟ್ಟಿತು.

ಬಿಟ್ಟರೂ ಪೂರ್ತಿ ಬರಲಿಲ್ಲ. ಒಂದು ಬೆರಳಷ್ಟು ಈಚೆ ಬಂದು ನಿಂತಿತು. ಶೂ ಉಜ್ಜಿ ಉಜ್ಜಿ ಡ್ರಮ್ ಒಳಗೆ ಹಳ್ಳ ಬಿದ್ದಿರುತ್ತೆ, ಅಂಚಿನಲ್ಲಿ ಏಣು ಉಳಿದಿರುತ್ತೆ. ಆ ಏಣು ಶೂಗೆ ಸಿಕ್ಕಿಕೊಳ್ಳುತ್ತೆ. ಬ್ಯಾಕ್ ಪ್ಲೇಟ್ (ಶೂಗಳು ಕೂರುವ ಹಿಂದಿನ ತಗಡು) ಹಿಂದಿನ ರಬ್ಬರ್ ಬಿರಡೆ ತೆಗೆದು, ಸಣ್ಣ ಸ್ಕ್ರೂಡ್ರೈವರಿನಿಂದ ಅಡ್ಜಸ್ಟರ್ (ಶೂ ಡ್ರಮ್ಮಿಗೆ ಎಷ್ಟು ಹತ್ತಿರ ಅಂತ ಹೊಂದಿಸುವ ತಿರುಪು) ಲಿವರ್ ಆಚೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಹಲ್ಲಿನ ಚಕ್ರ ಹಿಂದಕ್ಕೆ ತಿರುಗಿಸಬೇಕು. ಲಿವರ್ ಒತ್ತದೆ ಸುಮ್ನೆ ತಿರುಗಿಸಿದರೆ ಹಲ್ಲು ಹೋಗುತ್ತೆ, ಅಷ್ಟೇ.

ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ. ಶೂ ಮೇಲಿನ ಉಜ್ಜುವ ಪದರವಾದ ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಸೋಪು ನೀರು ಹಾಕಿ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಕಟ್ಟಿ ಬಿಸಾಡಿದೆ.

ಎಡಗಡೆ ಶೂ ಕೆಳಭಾಗವೆಲ್ಲ ಒದ್ದೆ, ಧೂಳು ಕಲೆಸಿ ಕಪ್ಪು ಸಗಣಿಯ ಹಾಗೆ ಮೆತ್ತಿಕೊಂಡಿತ್ತು. ಇಲ್ಲಿ ಒಂದು ಪರೀಕ್ಷೆ ಮಾಡಲೇಬೇಕು: ಇದು ಬ್ರೇಕ್ ಆಯಿಲ್ಲೋ ಗೇರ್ ಆಯಿಲ್ಲೋ? ಬೆರಳಿಗೆ ಹಚ್ಚಿಕೊಂಡು ಬರೀ ನೀರಲ್ಲಿ ತೊಳೆಯಿರಿ. ಬ್ರೇಕ್ ಆಯಿಲ್ ನೀರಲ್ಲಿ ಬೆರೆತು ಹೋಗುತ್ತೆ. ಗೇರ್ ಆಯಿಲ್ ಹೋಗೋದಿಲ್ಲ, ಮೇಲಾಗಿ ಗಂಧಕದ ವಾಸನೆ ಬೇರೆ. ಗೇರ್ ಆಯಿಲ್ ಆಗಿದ್ದರೆ ಆಕ್ಸಲ್ ಎಳೆದು ಸೀಲ್ ಬದಲಿಸಬೇಕಿತ್ತು, ಆಕ್ಸಲ್ ಮೇಲಿನ ಗಾಳಿ ಬಿಡುವ ಬ್ರೀದರ್ ಕಟ್ಟಿದೆಯಾ ಅಂತಲೂ ನೋಡಬೇಕಿತ್ತು. ನನ್ನದು ನೀರಿಗೇ ಹೋಯಿತು. ವೀಲ್ ಸಿಲಿಂಡರ್ ಸೋರಿಕೆ, ಅಂದರೆ ಬ್ರೇಕ್ ಆಯಿಲ್ ಒತ್ತಡದಿಂದ ಶೂಗಳನ್ನು ಆಚೆ ತಳ್ಳುವ ಸಿಲಿಂಡರಿನದು.

ಹಂತ 2: ಅಳತೆ

ಆರಿಂಚಿನ ವರ್ನಿಯರ್ (ಜಾರುವ ದವಡೆಯ ಅಳತೆಪಟ್ಟಿ) ಇಲ್ಲಿ ಪ್ರಯೋಜನಕ್ಕಿಲ್ಲ, 300 ಮಿ.ಮೀ. ಉದ್ದದ್ದು ಬೇಕು. ಡ್ರಮ್ ಮೊಟ್ಟೆಯಾಗಿರಬಹುದು ಅಂತ ಮೂರು ಕಡೆ ಅಳೆದೆ, ಅಂಚಿನ ಏಣು ಬಿಟ್ಟು ಒಳಗೆ.

ಬಲ ಡ್ರಮ್ 255.1 ಮಿ.ಮೀ. ಎಡ ಡ್ರಮ್ 256.3. ಹೊಸದರಲ್ಲಿ ಇದು 254, ಅಂದರೆ ಹತ್ತು ಇಂಚಿನ ಡ್ರಮ್. ಡ್ರಮ್ ಮೇಲೇ ಗರಿಷ್ಠ 256 ಅಂತ ಅಚ್ಚು ಹಾಕಿದೆ. ಎಡಗಡೆಯದು ಮಿತಿ ದಾಟಿದೆ. ಲೇತ್‌ಗೆ ಕೊಟ್ಟು ಇನ್ನಷ್ಟು ಸವರಿಸುವ ಮಾತೇ ಇಲ್ಲ. ಲೈನರ್ ದಪ್ಪ ಬಲಗಡೆ 2.4, ಎಡಗಡೆ 1.3. ಟೊಯೋಟಾ ಹೇಳುವ ಕನಿಷ್ಠ 1 ಮಿ.ಮೀ. ಎಣ್ಣೆ ಕುಡಿದ ಲೈನರ್‌ಗೆ ದಪ್ಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸುಟ್ಟು, ತೊಳೆದು ಮತ್ತೆ ಹಾಕುವವರಿದ್ದಾರೆ. ನಾನು ಹಾಕೋದಿಲ್ಲ.

ಚಕ್ರದ ಬೋಲ್ಟುಗಳ ಅಳತೆಯನ್ನೂ ಬರೆದುಕೊಳ್ಳಿ. ಐದು ಬೋಲ್ಟಿನ ಗಾಡಿಯಲ್ಲಿ ಎದುರುಬದುರು ಬೋಲ್ಟು ಇರೋದಿಲ್ಲ, ಅದಕ್ಕೆ ಪಕ್ಕಪಕ್ಕದ ಎರಡರ ಮಧ್ಯದ ದೂರ ಅಳೆಯಬೇಕು. ಅದು 67.2 ಮಿ.ಮೀ. ಬಂದರೆ ಬೋಲ್ಟುಗಳು ಕೂತಿರುವ ವೃತ್ತದ ವ್ಯಾಸ 114.3. ಆರು ಬೋಲ್ಟಿನದಾದರೆ ಎದುರುಬದುರು ನೇರ ಅಳೆದರೆ ಸಾಕು, 139.7 ಬರುತ್ತೆ. ನನ್ನದು ಐದು.

ಇಷ್ಟರವರೆಗೆ ಎಡಗಡೆ ಸೋರುತ್ತಿದೆ, ಅಲ್ಲಿ ಬ್ರೇಕ್ ಕಡಿಮೆ, ಅದಕ್ಕೇ ಗಾಡಿ ಬಲಕ್ಕೆ ಎಳೆಯುತ್ತಿದೆ ಅನ್ನುವ ಲೆಕ್ಕ. ಸಿಲಿಂಡರ್ ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ ಲೆಕ್ಕ ಬದಲಾಯಿತು. ಎಡಗಡೆ ಎರಕದ ಮೇಲೆ 13/16 ಅಂತಿದೆ, ಇಂಚಿನ ಲೆಕ್ಕ. ಬಲಗಡೆ 7/8. ಮೊದಲು ಓದಿದ್ದೇ ತಪ್ಪಿರಬೇಕು ಅಂತ ಟಾರ್ಚ್ ಹಿಡಿದು ಮತ್ತೆ ನೋಡಿದೆ, ಆಮೇಲೆ ಎರಡನ್ನೂ ಬಿಚ್ಚಿ ಒಳಗೆ ಅಳೆದೆ: ಒಂದು 20.6, ಇನ್ನೊಂದು 22.2 ಮಿ.ಮೀ.

ನೋಡೋಕೆ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಆದರೆ ಒತ್ತಡ ಕೆಲಸ ಮಾಡುವುದು ಪಿಸ್ಟನ್ನಿನ ಮುಖದ ಮೇಲೆ, ಅಲ್ಲಿ ವರ್ಗದ ಲೆಕ್ಕ ಬರುತ್ತೆ. 16 ಶೇಕಡಾ ಜಾಸ್ತಿ ಬಲ ಒಂದೇ ಕಡೆಗೆ. ಯಾರೋ ಯಾವಾಗಲೋ ಬಲಗಡೆ ಸಿಲಿಂಡರ್ ಹೋದಾಗ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಬೋಲ್ಟು ತೂತು ಒಂದೇ, ಪೈಪ್ ಥ್ರೆಡ್ ಒಂದೇ, ಹೊರಗಿನ ಆಕಾರವೂ ಹೆಚ್ಚುಕಡಿಮೆ ಒಂದೇ. ಕೂರುತ್ತೆ, ಬ್ರೇಕೂ ಹಿಡಿಯುತ್ತೆ, ಯಾರಿಗೆ ಗೊತ್ತಾಗಬೇಕು?

ಬಲಗಡೆಯದನ್ನು ಮಾದರಿಯಾಗಿ ಅಂಗಡಿಗೆ ಹಿಡಿದುಕೊಂಡು ಹೋಗಿದ್ದರೆ ಎರಡೂ ಕಡೆಗೆ ತಪ್ಪು ಸಿಲಿಂಡರ್ ಬರುತ್ತಿತ್ತು. ಹಳೇ ಸಾಮಾನು ತೋರಿಸಿ ಹೊಸದು ತರೋ ಪದ್ಧತಿ ಒಬ್ಬನೇ ಮಾಲೀಕ ಇಟ್ಟುಕೊಂಡ ಗಾಡಿಗೆ ಸರಿ, ಇಂಥ ಗಾಡಿಗೆ ಅಲ್ಲ. ಎರಡೂ ಕಡೆ ಬಿಚ್ಚಿ, ಎರಡೂ ಅಳೆದು, ಆಮೇಲೆ ಕ್ಯಾಟಲಾಗ್ ನೋಡಬೇಕು.

ಹಂತ 3: ಹುಡುಕಾಟ

ಜಾಸ್ತಿ ಹೊತ್ತು ತಿಂದಿದ್ದು ಇದು.

ಮೊದಲು ಚಾಸಿಸ್ ಪ್ಲೇಟ್. ಇಂಥ ಗಾಡಿಗಳಲ್ಲಿ ತುಂಬಾ ಕಡೆ 17 ಅಂಕಿಯ ನಂಬರ್ ಇರೋದಿಲ್ಲ, ಮಾಡೆಲ್ ಕೋಡು, ಒಂದು ಅಡ್ಡಗೆರೆ, ಆಮೇಲೆ ಅಂಕಿ, ಅಷ್ಟೇ. 17 ಅಂಕಿ ಕೇಳುವ ಹುಡುಕು ಪೆಟ್ಟಿಗೆಗಳು ಇದನ್ನು ನುಂಗೋದಿಲ್ಲ. ಮಾಡೆಲ್ ಕೋಡೇ ಹಿಡಿದು ಹೋಗಬೇಕು. ಮೊದಲ ಅಕ್ಷರ ಎಂಜಿನ್ ಕುಟುಂಬ: ಎಲ್ ಅಂದರೆ ಎಲ್ ಸರಣಿಯ ಡೀಸೆಲ್, ಆರ್ ಮತ್ತು ವೈ ಅಂದರೆ ಪೆಟ್ರೋಲು. ಟೊಯೋಟಾ ಕ್ಯಾಟಲಾಗಿನಲ್ಲಿ ಪ್ರತಿ ಸಾಮಾನಿನ ಪಕ್ಕ ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ ಇರುತ್ತೆ. 8808 ಅಂದರೆ 1988 ಆಗಸ್ಟ್. ಮಾಡೆಲ್ ಒಂದೇ ಇದ್ದರೂ ನಡುವೆ ಸಾಮಾನು ಬದಲಾಗಿರುತ್ತೆ, ಅದಕ್ಕೆ ಗಾಡಿ ತಯಾರಾದ ತಿಂಗಳು ಬೇಕು. ರಿಜಿಸ್ಟ್ರೇಷನ್ ಇಸವಿ ಅಲ್ಲ. ತಯಾರಾಗಿ ಎಷ್ಟೋ ತಿಂಗಳು, ವರ್ಷ ಬಿಟ್ಟು ರಿಜಿಸ್ಟರ್ ಆದ ಗಾಡಿಗಳಿವೆ.

ನಂಬರಿನ ಅರ್ಥ ಗೊತ್ತಿದ್ದರೆ ಮೋಸ ಹೋಗೋದು ಕಡಿಮೆ. ಐದು ಅಂಕಿ, ಅಡ್ಡಗೆರೆ, ಮತ್ತೆ ಐದು. ಮೊದಲ ಐದು ಯಾವ ಜಾತಿಯ ಸಾಮಾನು ಅಂತ ಹೇಳುತ್ತೆ: 47550 ಹಿಂದಿನ ವೀಲ್ ಸಿಲಿಂಡರ್, 04495 ಹಿಂದಿನ ಬ್ರೇಕ್ ಶೂ ಸೆಟ್, 42431 ಹಿಂದಿನ ಡ್ರಮ್. ಆಮೇಲಿನ ಐದರಲ್ಲಿ ಈ ಕಾಲದ ಹೈಲಕ್ಸ್ ಸಾಮಾನಿಗೆ ಸಾಮಾನ್ಯವಾಗಿ ಶುರುವಿನ ಎರಡು ಅಂಕಿ 35. ಯಾರಾದರೂ ಸಿಲಿಂಡರ್ ಅಂತ ಹೇಳಿ ಬೇರೆ ಐದಂಕಿಯ ಡಬ್ಬ ಕೊಟ್ಟರೆ ಅಲ್ಲೇ ಕೇಳಬಹುದು. ಹಳೇ ನಂಬರ್ ರದ್ದಾಗಿ ಹೊಸ ನಂಬರ್ ಬಂದಿರುವುದೂ ಉಂಟು. ಹಳೇದರಲ್ಲಿ ಹುಡುಕಿ ಸಿಗಲಿಲ್ಲ ಅಂತ ಕೈಬಿಡಬೇಡಿ, ಬದಲಿ ನಂಬರ್ ಕೇಳಿ.

ನನ್ನ ಕೋಡಿಗೆ ಬಂದ ಉತ್ತರ 20.6ರ ಸಿಲಿಂಡರ್, ಎರಡೂ ಕಡೆಗೆ. ಅಂದರೆ ಎಡಗಡೆಯದು ಸರಿ, ಬಲಗಡೆಯದು ಪರದೇಶಿ.

ಇನ್ನೊಂದು ತೊಡಕು ಹೆಸರಿನದು. ಉತ್ತರ ಅಮೆರಿಕದಲ್ಲಿ 1970ರ ದಶಕದ ಮಧ್ಯದಿಂದಲೇ ಹೈಲಕ್ಸ್ ಅನ್ನುವ ಹೆಸರು ಬಿಟ್ಟರು, ಅಲ್ಲಿ ಇದು ಬರೀ ಟೊಯೋಟಾ ಪಿಕಪ್. ಅಲ್ಲಿನ ಕಂಪನಿಗಳ ಪಟ್ಟಿಯಲ್ಲಿ ಹೈಲಕ್ಸ್ ಅಂತ ಹುಡುಕಿದರೆ ಸೊನ್ನೆ. ಯುರೋಪಿನಲ್ಲಿ 1989ರಿಂದ ಇದೇ ಗಾಡಿ ಫೋಕ್ಸ್‌ವ್ಯಾಗನ್ ಟಾರೋ ಹೆಸರಿನಲ್ಲೂ ಮಾರಾಟವಾಯಿತು, ಆ ಹೆಸರಿನಡಿ ಕೆಲವು ಸಾಮಾನು ಇನ್ನೂ ಇದೆ. ಬೇರೆ ಪಿಕಪ್ ಇರುವವರಿಗೂ ಇದು ಉಪಯೋಗ: ಶೆವ್ರೊಲೆ ಲವ್ ಅಂದರೆ ಇಸುಜು, ಆ ಕಾಲದ ಅಮೆರಿಕದ ಫೋರ್ಡ್ ಕೊರಿಯರ್ ಅಂದರೆ ಮಜ್ದಾ ಬಿ ಸೀರೀಸ್, ಡಾಡ್ಜ್ ರ‍್ಯಾಮ್ 50 ಅಂದರೆ ಮಿತ್ಸುಬಿಷಿ. 1994ರ ಮೇಲಿನ ಅಮೆರಿಕದ ಮಜ್ದಾ ಪಿಕಪ್ ಇದ್ದರೆ ಕಥೆ ಉಲ್ಟಾ, ಅದು ಫೋರ್ಡ್ ರೇಂಜರ್. ಒಂದು ಹೆಸರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಶೂಗಳಿಗೆ ಕಂಪನಿ ನಂಬರ್ ಬಿಟ್ಟು ಬೇರೆ ನಂಬರೂ ಇದೆ. ಅಮೆರಿಕದ ಕಡೆ ಎಫ್‌ಎಂಎಸ್‌ಐ (ಬ್ರೇಕ್ ಲೈನರ್ ಮಾನಕ ಸಂಸ್ಥೆಯ) ನಂಬರ್, ಶೂ ಆದರೆ ಎಸ್ ಅಕ್ಷರದಿಂದ, ಪ್ಯಾಡ್ ಆದರೆ ಡಿ ಅಕ್ಷರದಿಂದ ಶುರುವಾಗುತ್ತೆ. ಬ್ರ್ಯಾಂಡ್ ಯಾವುದಾದರೂ ಈ ನಂಬರ್ ಒಂದೇ ಇದ್ದರೆ ಆಕಾರ ಒಂದೇ. ಲೈನರ್ ಅಂಚಿನಲ್ಲಿ ಇಎಫ್, ಎಫ್‌ಎಫ್ ಅಂತ ಎರಡು ಅಕ್ಷರ ಇರುತ್ತೆ: ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ನಾನು ನೋಡುವುದು ಎರಡೂ ಕಡೆ ಒಂದೇ ಅಕ್ಷರ ಇದೆಯಾ ಅಂತ, ಅಷ್ಟೇ.

ಬಂದ ಸಾಮಾನಿನಲ್ಲಿ ಕೈಕೊಟ್ಟಿದ್ದು:

ಡ್ರಮ್ಮು ಮೊದಲು. 254 ಸರಿ, ಐದು ತೂತು ಸರಿ, ಆದರೆ ಒಳಗಿನ ಆಳ 6 ಮಿ.ಮೀ. ಕಡಿಮೆ. ಬ್ಯಾಕ್ ಪ್ಲೇಟಿಗೆ ಉಜ್ಜುತ್ತಿತ್ತು. ವಾಪಸ್ ಹೋಯಿತು. ಈಗ ಕೇಳುವಾಗ ನಾಲ್ಕು ಅಳತೆ ಬರೆದು ಕಳಿಸುತ್ತೇನೆ: ಒಳವ್ಯಾಸ, ಒಳಗಿನ ಆಳ, ನಡುವಿನ ತೂತು, ಬೋಲ್ಟು ವೃತ್ತ.

ಆಮೇಲೆ ಹಳೇ ದಾಸ್ತಾನಿನ ಒಂದು ಸಿಲಿಂಡರ್. ಡಬ್ಬ ಬಿಚ್ಚದ್ದು, ಅಸಲಿ ಅಂತ ಮಾರಿದವರು ಹೊಗಳಿದ್ದೇ ಹೊಗಳಿದ್ದು. ಅಸಲಿಯೇ ಹೌದು. ಒಳಗಿನ ರಬ್ಬರ್ ಕಪ್ ಉಗುರಲ್ಲಿ ಮಡಿಸಿದರೆ ತುಟಿ ಬಿರುಕು ಬಿಟ್ಟಿತು. ಕಬ್ಬಿಣ ಡಬ್ಬದಲ್ಲಿ ಕೂತರೆ ಏನೂ ಆಗೋದಿಲ್ಲ, ರಬ್ಬರಿಗೆ ವಯಸ್ಸಾಗುತ್ತೆ. ಅದಕ್ಕೆ ಹೊಸ ಕಪ್ ಮತ್ತು ಧೂಳಿನ ರಬ್ಬರ್ ತರಿಸಿ ಹಾಕಿದೆ.

ಶೂ ಜೊತೆ ಹ್ಯಾಂಡ್ ಬ್ರೇಕ್ ಲಿವರ್ ಬರೋದಿಲ್ಲ, ಹಳೇ ಶೂನಿಂದ ಸಿ ಕ್ಲಿಪ್ ಬಿಡಿಸಿ ಹೊಸದಕ್ಕೆ ಹಾಕಬೇಕು. ಹೊಸ ಶೂನ ತೂತಿನೊಳಗೆ ಪೇಂಟ್ ತುಂಬಿ ಲಿವರ್ ಬಿಗಿಯಾಗಿ ನಿಂತಿತು. ಉಂಡೆ ಅರದಲ್ಲಿ ಪೇಂಟ್ ಕೆರೆದ ಮೇಲೆ ಸಲೀಸಾಗಿ ಆಡಿತು. ಹಾಗೇ ಹಾಕಿದ್ದರೆ ಹ್ಯಾಂಡ್ ಬ್ರೇಕ್ ಎಳೆದದ್ದು ಬಿಡುತ್ತಿರಲಿಲ್ಲ.

ಹಂತ 4: ಹಳೇ ಸಿಲಿಂಡರ್ ಉಳಿಸುವ ಪ್ರಯತ್ನ

ಸಾಮಾನು ಬರೋವರೆಗೆ ಕೈ ಸುಮ್ಮನಿರಲಿಲ್ಲ. ಎಡಗಡೆಯ 20.6ರ ಸಿಲಿಂಡರ್ ಅಳತೆ ಸರಿ ಇತ್ತಲ್ಲ, ಹೊಸ ರಬ್ಬರಿನ ಕಿಟ್ ಹಾಕಿ ನೋಡೋಣ ಅಂತ ಹೋನ್ ಮಾಡಿದೆ, ಅಂದರೆ ಒಳಗೋಡೆಯನ್ನು ಉಜ್ಜುಕಲ್ಲಿನಿಂದ ಸವರಿದೆ. ಕಂದು ಕಲೆ ಹೋಯಿತು, ಅದರ ಕೆಳಗೆ ಗುಳಿ ಕಂಡಿತು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು. ಗುಳಿ ಹೋಗುವವರೆಗೆ ಹೋನ್ ಮಾಡುತ್ತಾ ಹೋದರೆ ಬೋರ್ ದೊಡ್ಡದಾಗಿ ಕಪ್ಪಿಗೆ ಹಿಡಿತ ಇರೋದಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಸಾಮಾನು ಎಲ್ಲೂ ಸಿಗದ ಗಾಡಿಯಾಗಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಕೊರೆಸಿ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ಸ್ಲೀವ್ ಕೂರಿಸಿ ಮತ್ತೆ ಮೊದಲಿನ ಅಳತೆಗೆ ತರಿಸಬಹುದು. ಒಳ್ಳೇ ಕೆಲಸ ಅದು, ಆದರೆ ಹೊಸ ಸಿಲಿಂಡರ್ ಸಿಗುವಾಗ ಬೇಡ.

ರಬ್ಬರ್ ವಿಷಯದಲ್ಲಿ ಒಂದು ಮಾತು. ಡೀಸೆಲ್, ಪೆಟ್ರೋಲ್, ಮಾಮೂಲಿ ಗ್ರೀಸ್ ಹತ್ತಿರವೂ ಸುಳಿಯಬಾರದು. ಬ್ರೇಕಿನ ರಬ್ಬರ್ ಅದನ್ನು ಕುಡಿದು ಊದಿಕೊಳ್ಳುತ್ತೆ. ಹೊಸ ಬ್ರೇಕ್ ಆಯಿಲ್ ಹಚ್ಚಿ ಜೋಡಿಸಿ, ಇಲ್ಲವೇ ಬ್ರೇಕಿಗೆ ಅಂತಲೇ ಬರುವ ರಬ್ಬರ್ ಗ್ರೀಸ್.

ಹಂತ 5: ಪೈಪು

ಪೈಪಿನ ನಟ್ಟಿಗೆ 10ರ ಸ್ಪ್ಯಾನರ್, ಆದರೆ ಮಾಮೂಲಿ ಬಾಯಿ ಸ್ಪ್ಯಾನರ್ ಅಲ್ಲ, ಪೈಪ್ ದಾಟಿಸಿ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್. ಬಲಗಡೆ ಸರಾಗ. ಎಡಗಡೆ ನಟ್ಟು ತಿರುಗಿತು, ಜೊತೆಗೆ ಪೈಪೂ ತಿರುಚಿಕೊಂಡಿತು. ತುಕ್ಕಿಗೆ ಎರಡೂ ಒಂದಾಗಿದ್ದವು. ಕತ್ತರಿಸುವುದೊಂದೇ ದಾರಿ.

ಹೊಸ ಪೈಪ್ 4.75 ಮಿ.ಮೀ. ತಾಮ್ರ ನಿಕಲ್ ಮಿಶ್ರಣದ್ದು ತಗೊಂಡೆ, ಕೈಯಲ್ಲೇ ಬಗ್ಗುತ್ತೆ, ತುಕ್ಕು ಹಿಡಿಯೋದಿಲ್ಲ. ನಟ್ಟು ಎಂ10, 1.0 ಪಿಚ್. ತುದಿಗೆ ಡಬಲ್ ಫ್ಲೇರ್ ಬೇಕು, ಅಂದರೆ ಬಾಯಿ ಒಳಮಡಿಸಿದ್ದು. ಯುರೋಪಿನ ಗಾಡಿಗಳ ಗುಳ್ಳೆ ಆಕಾರದ ಫ್ಲೇರಿಗೂ ಇದೇ ಥ್ರೆಡ್ಡಿನ ನಟ್ಟು ಇರುವುದರಿಂದ ತಪ್ಪಾಗಿ ಹಾಕಿದರೂ ತಿರುಗುತ್ತೆ, ಕೂರುವ ಜಾಗದಲ್ಲಿ ಸೋರುತ್ತೆ. ಮೊದಲ ಫ್ಲೇರ್ ವಕ್ರವಾಯಿತು, ಪೈಪ್ ತುದಿ ನೇರ ಕತ್ತರಿಸಿರಲಿಲ್ಲ. ಕತ್ತರಿಸಿ, ಒಳಗಿನ ಚೂಪು ತೆಗೆದು, ಮತ್ತೆ ಮಾಡಿದ್ದು ಸರಿ ಬಂತು. ಫ್ಲೇರ್ ಮಾಡುವ ಮುಂಚೆ ನಟ್ಟು ಪೈಪಿಗೆ ಏರಿಸಿಕೊಳ್ಳಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಫ್ಲೇರ್ ಮಾಡಿದವರಿಗೆಲ್ಲ ಗೊತ್ತು.

ಹಂತ 6: ಜೋಡಣೆ

ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಕೈ ಹಾಕಿ. ಸ್ಪ್ರಿಂಗ್ ಯಾವುದು ಎಲ್ಲಿಗೆ ಅಂತ ಅನುಮಾನ ಬಂದರೆ ನೋಡೋಕೆ ಎದುರಿಗೆ ಇನ್ನೊಂದು ಇರುತ್ತೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಬೆಳಕು ಕಂಡರೆ ಅದು ಎಳೆದು ಹೋಗಿದೆ, ಬದಲಿಸಿ.

ಅಡ್ಜಸ್ಟರ್ ಎಡಬಲ ಬೇರೆ ಬೇರೆ, ಥ್ರೆಡ್ ಉಲ್ಟಾ. ಅದಲು ಬದಲಾದರೆ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಶೂ ಹತ್ತಿರ ಬರೋ ಬದಲು ದೂರ ಹೋಗುತ್ತೆ. ಬ್ಯಾಕ್ ಪ್ಲೇಟಿನಲ್ಲಿ ಶೂ ಉಜ್ಜುವ ಉಬ್ಬುಗಳಲ್ಲಿ ತಗ್ಗು ಬಿದ್ದಿತ್ತು. ಅರದಲ್ಲಿ ಸಮ ಮಾಡಿ, ಬಿಸಿ ತಡೆಯುವ ಗ್ರೀಸ್ ತೆಳುವಾಗಿ ಹಚ್ಚಿದೆ. ಅಲ್ಲಿ ತಗ್ಗಿದ್ದರೆ ಶೂ ಸಿಕ್ಕಿಕೊಂಡು ವಾಪಸ್ ಬರೋದಿಲ್ಲ.

ಡ್ರಮ್ ಎರಡೂ ಹೊಸದೇ ಹಾಕಿದೆ. ಬಲಗಡೆಯದು ಇನ್ನೂ ಮಿತಿಯೊಳಗಿತ್ತು, ಆದರೆ ಒಂದು ಕಡೆ 254, ಇನ್ನೊಂದು ಕಡೆ 255 ಇಟ್ಟುಕೊಂಡು ಮತ್ತೆ ಎಳೆಯುತ್ತೆ ಅಂತ ಗೋಳಾಡೋದು ಯಾಕೆ? ಹೊಸ ಡ್ರಮ್ಮಿನ ಒಳಗೆ ತುಕ್ಕು ಬಾರದಂತೆ ಹಚ್ಚಿದ ಎಣ್ಣೆ ಇರುತ್ತೆ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಲೈನರ್ ಮೇಲೆ ಸೀಮೆಸುಣ್ಣ ಬಳಿದು ಡ್ರಮ್ ಒಳಗೆ ಒಮ್ಮೆ ಉಜ್ಜಿ ನೋಡಿದೆ, ನಡುವೆ ಅಗಲಕ್ಕೆ ಅಳಿಸಿತ್ತು, ಎರಡು ತುದಿ ಹಾಗೇ ಇತ್ತು. ಓಡುತ್ತಾ ಕೂರುತ್ತೆ. ಬರೀ ತುದಿಗಳು ಅಳಿಸಿದ್ದರೆ ಶೂ ತಪ್ಪು ಅಂತ ಅರ್ಥ.

ಹಂತ 7: ಗಾಳಿ ತೆಗೆದಿದ್ದು

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4, ಎರಡೂ ಬೆರೆಯುತ್ತವೆ. ಡಾಟ್ 5 ಸಿಲಿಕೋನ್ ಜಾತಿ, ಅದನ್ನು ಇದಕ್ಕೆ ಬೆರೆಸಬಾರದು. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಚಕ್ರದಿಂದ ಶುರು, ಆಮೇಲೆ ಇನ್ನೊಂದು. ಇಬ್ಬರು ಬೇಕು, ಒಬ್ಬರು ತುಳಿಯೋಕೆ.

ಎರಡೂ ಚಕ್ರ ಮುಗಿದ ಮೇಲೂ ಪೆಡಲ್ ಸ್ಪಂಜಿನಂತೆಯೇ ಇತ್ತು. ಮತ್ತೆ ಸುತ್ತು ಹಾಕಿದರೂ ಅದೇ. ಗಾಳಿ ಕೂತಿದ್ದು ಲೋಡ್ ವಾಲ್ವಿನಲ್ಲಿ. ಚಾಸಿಸ್‌ಗೆ ಬೋಲ್ಟ್ ಆಗಿರುತ್ತೆ, ಅದರಿಂದ ಒಂದು ಉದ್ದನೆಯ ಸ್ಪ್ರಿಂಗ್ ಸರಳು ಹಿಂದಿನ ಆಕ್ಸಲ್ಲಿಗೆ ಬಂದಿರುತ್ತೆ, ಲೋಡ್ ಜಾಸ್ತಿ ಆದರೆ ಹಿಂದಕ್ಕೆ ಜಾಸ್ತಿ ಒತ್ತಡ ಬಿಡುತ್ತೆ. ಅದರ ಮೇಲೂ ಗಾಳಿ ಹೊರಬಿಡುವ ಒಂದು ಬ್ಲೀಡ್ ನಿಪ್ಪಲ್ ಇದೆ, ಮಣ್ಣು ಮುಚ್ಚಿ ಕಾಣುತ್ತಿರಲಿಲ್ಲ. ಕೆರೆದು ತೆರೆದ ಕೂಡಲೇ ಬುಸ್ ಅಂತ ಗುಳ್ಳೆ ಬಂತು, ಪೆಡಲ್ ಗಟ್ಟಿಯಾಯಿತು.

ಖಾಲಿ ಜಾಗದಲ್ಲಿ ಸುಮಾರು 50 ಕಿ.ಮೀ. ವೇಗದಿಂದ ಮೆತ್ತಗೆ ಬ್ರೇಕ್ ಹಾಕಿ ನಿಲ್ಲಿಸುತ್ತಾ, ನಡುವೆ ತಣ್ಣಗಾಗೋಕೆ ಬಿಟ್ಟು ಲೈನರ್ ಕೂರಿಸಿದೆ. ಈಗ ಖಾಲಿ ಗಾಡಿಯಲ್ಲಿ ಜೋರಾಗಿ ತುಳಿದರೂ ನೇರ ನಿಲ್ಲುತ್ತೆ. ಪೈಪಿನ ನಟ್ಟು, ಸಿಲಿಂಡರ್ ಹಿಂಭಾಗ ಒಣಗಿದೆ.

ಬಾಕಿ ಉಳಿದಿದ್ದು ಎರಡು. ಲೀಫ್ ಸ್ಪ್ರಿಂಗಿಗೆ ಯಾರೋ ಒಂದು ಪಟ್ಟಿ ಜಾಸ್ತಿ ಸೇರಿಸಿದ್ದಾರೆ, ಅದರಿಂದ ಹಿಂಭಾಗ ಎತ್ತರವಾಗಿ ಲೋಡ್ ವಾಲ್ವಿನ ಸರಳು ಕೆಳಕ್ಕೆ ಜಗ್ಗಿದೆ. ವಾಲ್ವು ಗಾಡಿ ಯಾವಾಗಲೂ ಖಾಲಿ ಅಂತಲೇ ತಿಳಿಯುತ್ತೆ, ಸರಳಿನ ಉದ್ದ ಮತ್ತೆ ಹೊಂದಿಸಬೇಕು. ಇನ್ನೊಂದು, ಬಲಗಡೆ ಹ್ಯಾಂಡ್ ಬ್ರೇಕ್ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ನಿಧಾನಕ್ಕೆ ವಾಪಸಾಗುತ್ತೆ. ಅದಕ್ಕೆ ಕ್ಯಾಟಲಾಗ್ ತೋರಿಸಿದ ಉದ್ದಕ್ಕೂ ಗಾಡಿಯಲ್ಲಿರುವ ಕೇಬಲ್ ಉದ್ದಕ್ಕೂ ತಾಳೆ ಇಲ್ಲ, ಎಡಗಡೆಯದನ್ನು ಬಿಚ್ಚಿ ಅಳೆದ ಮೇಲೆ ಆರ್ಡರ್ ಮಾಡುತ್ತೇನೆ.